ಸಕ್ರಿ ಬ್ಯಾನಿಗೂ ಒಂದು ಸರ್ವೆ ನಂಬರ್

ನಮ್ಮ ದೊಡ್ಡವ್ವ ಗದಗಿನಿಂದ ಹುಬ್ಬಳ್ಳಿಗೆ ತೋರಿಸಿಕೊಳ್ಳಲು ಬಂದರೆ ಕೈಯಲ್ಲೊಂದು ಕ್ಯಾರಿಬ್ಯಾಗು ಇದ್ದೇ ಇರುತ್ತದೆ. ಯಾವುದೋ ಸೀರೆ ಅಂಗಡಿಯದು. ಹಿಡಿಕೆ ಹರಿದು ಗಂಟು ಹಾಕಿದ್ದು. ಅದರೊಳಗೆ ಹನ್ನೊಂದು ವರ್ಷದ ದವಾಖಾನೆ ಕಾಗದಗಳಿವೆ. ಚೀಟಿ, ರಕ್ತದ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ, ನಡುನಡುವೆ ಕರೆಂಟ್ ಬಿಲ್ಲು.

ಒಂದು ಸಂಜೆ ಅವನ್ನೆಲ್ಲ ಹಾಸಿಗೆ ಮೇಲೆ ಸುರಿದು ತಾರೀಖಿನ ಪ್ರಕಾರ ಜೋಡಿಸಲು ಕೂತೆ. ನನ್ನ ಹೊಟ್ಟೆಪಾಡೂ ಹೆಚ್ಚುಕಡಿಮೆ ಇದೇ. ದವಾಖಾನೆಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವುದು, ಅದು ನಿಲ್ಲದಂತೆ ನೋಡಿಕೊಳ್ಳುವುದು. ಹಾಗಾಗಿ ಕಾಗದ ಕಂಡರೆ ಕಣ್ಣು ತಾನಾಗಿ ರೋಗದ ಹೆಸರು ಇರುವ ಸಾಲಿಗೆ ಹೋಗುತ್ತದೆ. ಒಂದರಲ್ಲಿ ‘ಡಿಎಂ’ ಅಂತ ಇತ್ತು, ಅಂದರೆ ಡಯಾಬಿಟಿಸ್ ಮೆಲಿಟಸ್, ಸಕ್ಕರೆ ಕಾಯಿಲೆ. ಇನ್ನೊಂದರಲ್ಲಿ ‘ಟಿ2ಡಿಎಂ’. ಮತ್ತೊಂದರಲ್ಲಿ ‘ಕೆ/ಸಿ/ಓ ಡಿಎಂ’, ಅಂದರೆ ಮೊದಲಿಂದ ಇರೋದೇ ಅಂತ ಅರ್ಥ. ಹಳೇ ಡಾಕ್ಟರೊಬ್ಬರು ‘ಎನ್‌ಐಡಿಡಿಎಂ’ ಅಂತ ಬರೆದಿದ್ದರು. ಅದು ಇದೇ ಕಾಯಿಲೆಯ ಹಳೇ ಹೆಸರು. ಲ್ಯಾಬಿನ ಚೀಟಿಯಲ್ಲಿ ಬರೀ ‘ಶುಗರ್’. ದೊಡ್ಡವ್ವನನ್ನು ಕೇಳಿದರೆ ‘ಸಕ್ರಿ ಬ್ಯಾನಿ’. ಇರುವುದು ಒಂದೇ ಕಾಯಿಲೆ, ಹೆಸರು ಮಾತ್ರ ಆರು.

ಇದರಿಂದ ಅಂಥ ತೊಂದರೆ ಏನಿಲ್ಲ. ಡಾಕ್ಟರು ಓದಿದರೆ ಆರೂ ಅರ್ಥವಾಗುತ್ತವೆ. ನಿಜವಾದ ತೊಂದರೆ ಇರುವುದು ಇದರ ಉಲ್ಟಾದಲ್ಲಿ, ಒಂದೇ ಹೆಸರಿಗೆ ಎರಡು ಕಾಯಿಲೆ ಬಂದು ಕೂತಾಗ.

ದೊಡ್ಡವ್ವನಿಗೆ ಟೊಂಕ ನೋವು ಹಳೆಯದು. ಬೆನ್ನುಮೂಳೆಯ ನಡುವಿನ ಡಿಸ್ಕು ಸರಿದಿದೆ ಅಂತ ಮೂಳೆ ಡಾಕ್ಟರು ಹೇಳಿ, ಕಾರ್ಡಿನಲ್ಲಿ ಮೂರೇ ಅಕ್ಷರ ಬರೆದಿದ್ದರು: ಪಿಐಡಿ. ಪ್ರೊಲ್ಯಾಪ್ಸ್ಡ್ ಇಂಟರ್‌ವರ್ಟಿಬ್ರಲ್ ಡಿಸ್ಕ್. ಮುಂದೊಂದು ದಿನ ಅದೇ ನೋವಿಗೆ ಬೇರೆ ಒಂದು ದವಾಖಾನೆಗೆ ಹೋದಾಗ, ಅಲ್ಲಿಯ ಹುಡುಗಿ ಅದನ್ನು ನೋಡಿ ಕಂಪ್ಯೂಟರಿನಲ್ಲಿ ಏರಿಸಿದಳು. ಸ್ತ್ರೀರೋಗದವರ ಭಾಷೆಯಲ್ಲಿ ಪಿಐಡಿ ಅಂದರೆ ಪೆಲ್ವಿಕ್ ಇನ್‌ಫ್ಲಮೇಟರಿ ಡಿಸೀಸ್, ಗರ್ಭಕೋಶದ ಸುತ್ತಲಿನ ಸೋಂಕು. ಅಲ್ಲಿ ಕೇಳಿದ ಪ್ರಶ್ನೆಗಳಿಗೆ ಎಪ್ಪತ್ತು ದಾಟಿದ ನಮ್ಮ ದೊಡ್ಡವ್ವ ಕೆಂಡವಾಗಿದ್ದಳು. ಹೊರಗೆ ಬಂದು ನನ್ನ ಮೇಲೇ ಹರಿಹಾಯ್ದಳು. ‘ಏ ತಮ್ಮಾ, ಟೊಂಕ ನೋವು ಅಂತ ಬಂದ್ರ ಇವ್ರು ಬ್ಯಾರೆ ಏನೇನೋ ಕೇಳಾಕತ್ತಾರಲ್ಲೋ! ನನಗೇನ್ ನಾಚಿಕಿ ಇಲ್ಲೇನು?’

ಕಾಗದ ಹೋಗಿ ಕಂಪ್ಯೂಟರ್ ಬಂದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹೋಗಲ್ಲ. ಕೈಬರಹದ ಗೊಂದಲವನ್ನು ಟೈಪ್ ಮಾಡಿದರೆ ಅದು ಟೈಪ್ ಮಾಡಿದ ಗೊಂದಲ ಆಗುತ್ತದೆ, ಅಷ್ಟೇ. ಓದಲು ಸಲೀಸು ಆಗಿರುವುದರಿಂದ ಜನ ಅದನ್ನು ಜಾಸ್ತಿ ನಂಬುತ್ತಾರೆ, ಅದೊಂದು ಕೇಡು ಬೇರೆ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಎಂದೋ ಉತ್ತರ ಇದೆ. ಹಾವೇರಿ ಕಡೆ ಹೊಲಗಳಿಗೆ ಎಷ್ಟು ಹೆಸರು ನೋಡಿ. ಮಡ್ಡಿ ಹೊಲ, ಕೆರಿ ಹೊಲ, ದೊಡ್ಡಪ್ಪನ ಪಾಲಿನದು, ಹುಣಸಿ ಗಿಡದ ಹೊಲ. ಹುಣಸೆ ಗಿಡ ಕಡಿದು ಇಪ್ಪತ್ತು ವರ್ಷ ಆದರೂ ಹೆಸರು ಹಾಗೇ. ಒಂದೇ ಊರಲ್ಲಿ ಎರಡು ಮಡ್ಡಿ ಹೊಲ. ಆದರೆ ಉತಾರ, ಅಂದರೆ ಪಹಣಿ, ತೆಗೆಸಿದರೆ ಅಲ್ಲಿ ಈ ಹೆಸರು ಯಾವುದೂ ಇರಲ್ಲ, ಸರ್ವೆ ನಂಬರ್ ಇರುತ್ತದೆ. ಬ್ಯಾಂಕಿಗೂ ಕೋರ್ಟಿಗೂ ಬೇಕಾಗಿರುವುದು ಅದೇ. ಮನೆಯಲ್ಲಿ ನೀವು ಏನು ಬೇಕಾದರೂ ಕರೆಯಿರಿ, ಹೊಲ ಯಾವುದು ಅನ್ನುವುದರಲ್ಲಿ ಜಗಳ ಇಲ್ಲ.

ಕಾಯಿಲೆಗಳಿಗೂ ಇಂಥ ಸರ್ವೆ ನಂಬರ್ ಇದೆ. ಅದನ್ನು ಇಟ್ಟುಕೊಂಡಿರುವ ದೊಡ್ಡ ಪುಸ್ತಕದ ಹೆಸರು ಸ್ನೋಮೆಡ್ ಸಿಟಿ. ಪುಸ್ತಕ ಅಂತ ಬಾಯಿಮಾತಿಗೆ ಅಂದೆ, ಅದು ಕಂಪ್ಯೂಟರಿನಲ್ಲಿ ಮಾತ್ರ ಇರುವ ಪದಕೋಶ. ಕಾಯಿಲೆ, ಲಕ್ಷಣ, ಆಪರೇಷನ್, ದೇಹದ ಭಾಗ, ಔಷಧಿ, ರೋಗಾಣು ಎಲ್ಲ ಸೇರಿ ಮೂರೂವರೆ ಲಕ್ಷಕ್ಕೂ ಜಾಸ್ತಿ ವಿಷಯಗಳು ಅದರಲ್ಲಿವೆ. ಒಂದೊಂದು ವಿಷಯಕ್ಕೆ ಕಾನ್ಸೆಪ್ಟ್ ಅನ್ನುತ್ತಾರೆ. ಒಂದೊಂದಕ್ಕೂ ಒಂದು ನಂಬರ್. ದೊಡ್ಡವ್ವನ ಸಕ್ರಿ ಬ್ಯಾನಿ, ಅಂದರೆ ಟೈಪ್ 2 ಡಯಾಬಿಟಿಸ್, 44054006.

ಈ ನಂಬರಿಗೆ ಅರ್ಥ ಇಲ್ಲ. ಬೇಕಂತಲೇ ಇಲ್ಲ. 44 ಅಂದರೆ ಸಕ್ಕರೆ, 05 ಅಂದರೆ ಇನ್ನೇನೋ, ಹಾಗೆಲ್ಲ ಇಲ್ಲ. ಯಾಕೆಂದರೆ ವೈದ್ಯಶಾಸ್ತ್ರ ಆಗಾಗ ಮನಸ್ಸು ಬದಲಿಸುತ್ತದೆ. ಇವತ್ತು ಒಂದು ಗುಂಪಿನಲ್ಲಿರುವ ಕಾಯಿಲೆ ನಾಳೆ ಇನ್ನೊಂದಕ್ಕೆ ಹೋಗಬಹುದು, ಹೆಸರೇ ಬದಲಾಗಬಹುದು. ಎನ್‌ಐಡಿಡಿಎಂ ಹೋಗಿ ಟೈಪ್ 2 ಬಂದ ಹಾಗೆ. ನಂಬರಿನಲ್ಲಿ ಅರ್ಥ ತುಂಬಿಟ್ಟಿದ್ದರೆ ಆಗೆಲ್ಲ ನಂಬರನ್ನೂ ಬದಲಿಸಬೇಕಾಗುತ್ತಿತ್ತು, ಹಳೇ ದಾಖಲೆಗಳೆಲ್ಲ ಅನಾಥ ಆಗುತ್ತಿದ್ದವು. ಒಂದು ಕಾನ್ಸೆಪ್ಟ್ ಬೇಡವಾದರೆ ಅದನ್ನು ಬಳಕೆಯಿಂದ ತೆಗೆಯುತ್ತಾರೆ. ಆದರೆ ಅದರ ನಂಬರನ್ನು ಮತ್ತೊಂದಕ್ಕೆ ಯಾವತ್ತೂ ಕೊಡಲ್ಲ.

ಅರ್ಥ ಇಲ್ಲ ಅಂದೆನಾದರೂ, ಕೊನೆಯ ಮೂರು ಅಂಕಿಗೆ ಕೆಲಸ ಇದೆ. 006 ಅಂತಿದೆಯಲ್ಲ, ಅದರಲ್ಲಿ 00 ಅಂದರೆ ‘ಇದು ಕಾನ್ಸೆಪ್ಟಿನ ನಂಬರ್’ ಅಂತ. ಹೆಸರಿಗೆ, ಸಂಬಂಧಕ್ಕೆ ಬೇರೆ ನಂಬರ್ ಇರುತ್ತವೆ, ಅವುಗಳಲ್ಲಿ ಆ ಜಾಗದಲ್ಲಿ 01, 02 ಬರುತ್ತದೆ. ಬಿಪಿಯ ನಂಬರ್ 38341003, ಹಾರ್ಟ್ ಅಟ್ಯಾಕಿನದು 22298006. ನೋಡಿ, ಎರಡರಲ್ಲೂ ಅದೇ ಜಾಗದಲ್ಲಿ 00. ಕೊನೆಯ ಒಂದು ಅಂಕಿ ಕಾವಲುಗಾರ. ಅದಕ್ಕಿಂತ ಮೊದಲಿರುವ ಎಲ್ಲ ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ, ಪಕ್ಕದ ಎರಡು ಅಂಕಿ ಅದಲುಬದಲಾದರೆ ಲೆಕ್ಕ ಕೂಡಲ್ಲ, ಕಂಪ್ಯೂಟರ್ ತಕ್ಷಣ ಹಿಡಿಯುತ್ತದೆ. ಇದು ವೆರ್ಹೂಫ್ ಅನ್ನುವ ಡಚ್ ಗಣಿತಜ್ಞ 1969ರಲ್ಲಿ ಕೊಟ್ಟ ಲೆಕ್ಕ. ನಿಮ್ಮ ಆಧಾರ್ ಕಾರ್ಡಿನ ಹನ್ನೆರಡನೇ ಅಂಕಿಯೂ ಇದೇ ಲೆಕ್ಕದ್ದು.

ಈ ನಂಬರಿಗೆ ಹೆಸರುಗಳನ್ನು ತಗುಲಿಹಾಕುತ್ತಾರೆ. ಒಂದು ಪೂರ್ಣ ಹೆಸರು, ಇನ್ನೊಂದಕ್ಕೆ ಹೋಲಲೇಬಾರದು ಅನ್ನುವಂಥದ್ದು. ಒಂದು ರೂಢಿಯ ಹೆಸರು. ಆಮೇಲೆ ಬೇಕಾದಷ್ಟು ಅಡ್ಡಹೆಸರು. ಭಾಷೆಗೂ ಇದರಲ್ಲಿ ಅಡ್ಡಿ ಇಲ್ಲ, ಕನ್ನಡದ ಹೆಸರನ್ನೂ ಅದೇ ನಂಬರಿಗೆ ಕಟ್ಟಬಹುದು. ನಾವು ನಮ್ಮ ಸಾಫ್ಟ್‌ವೇರಿನ ಸ್ಥಳೀಯ ಪಟ್ಟಿಯಲ್ಲಿ ‘ಟೊಂಕ ನೋವು’, ‘ದಮ್ಮು’, ‘ಲಕ್ವಾ’ ಎಲ್ಲ ಸೇರಿಸಿಟ್ಟಿದ್ದೇವೆ. ಲಕ್ವಾ ಮಾತ್ರ ತಲೆ ತಿಂದಿತು. ನಮ್ಮ ಕಡೆ ಮುಖ ಸೊಟ್ಟಗಾದರೂ ಲಕ್ವಾ, ಒಂದು ಬದಿಯ ಕೈಕಾಲು ಬಿದ್ದುಹೋದರೂ ಲಕ್ವಾ. ಮೊದಲನೆಯದು ಬರೀ ಮುಖದ ನರದ್ದಿರಬಹುದು, ಎರಡನೆಯದು ಮೆದುಳಿನದ್ದಿರಬಹುದು. ಹಾಗಾಗಿ ಆ ಪದ ಹೊಡೆದರೆ ಎರಡೂ ಕಾಣುವಂತೆ ಇಟ್ಟು, ಆರಿಸುವುದನ್ನು ಡಾಕ್ಟರಿಗೇ ಬಿಟ್ಟೆವು.

ಇಷ್ಟೇ ಆಗಿದ್ದರೆ ಸ್ನೋಮೆಡ್ ಒಂದು ಉದ್ದನೆಯ ಪಟ್ಟಿ ಆಗಿರುತ್ತಿತ್ತು. ಅದರ ಜೀವ ಇರುವುದು ಸಂಬಂಧಗಳಲ್ಲಿ. ಟೈಪ್ 2 ಡಯಾಬಿಟಿಸ್ ಅನ್ನುವುದು ಡಯಾಬಿಟಿಸ್‌ನ ಒಂದು ಬಗೆ ಅಂತ ಅದರೊಳಗೇ ಬರೆದಿದೆ. ಡಯಾಬಿಟಿಸ್‌ನ ನಂಬರ್ 73211009. ಹಾಗೇ ಮೇಲೆ ಮೇಲೆ ಹೋಗುತ್ತದೆ, ವಂಶಾವಳಿ ಹಾಗೆ. ಆದರೆ ಇಲ್ಲಿ ಒಂದು ಕೂಸಿಗೆ ಇಬ್ಬರು ಮೂವರು ತಂದೆತಾಯಿ ಇರಬಹುದು. ಮದುವೆಯಾದ ಹೆಣ್ಣುಮಗಳು ಒಂದು ಮನೆಗೆ ಸೊಸೆ, ಇನ್ನೊಂದು ಮನೆಗೆ ಮಗಳು ಇರುವಂತೆ, ಟಿಬಿಯಿಂದ ಬರುವ ಮೆದುಳುಪೊರೆಯ ಉರಿಯೂತ ಟಿಬಿಯ ಕೆಳಗೂ ಇದೆ, ಮೆನಿಂಜೈಟಿಸ್ ಕೆಳಗೂ ಇದೆ. ಯಾವ ಕಡೆಯಿಂದ ಹುಡುಕಿದರೂ ಸಿಗುತ್ತದೆ. ಇದಲ್ಲದೆ ಅಡ್ಡಸಂಬಂಧಗಳೂ ಇವೆ. ಹಾರ್ಟ್ ಅಟ್ಯಾಕ್ ಎಲ್ಲಿ ಆಗುತ್ತದೆ? ಹೃದಯದ ಸ್ನಾಯುವಿನಲ್ಲಿ. ಅಲ್ಲಿ ಏನಾಗಿದೆ? ರಕ್ತ ಸಿಗದೆ ಅಷ್ಟು ಭಾಗ ಸತ್ತಿದೆ. ಈ ಎರಡೂ ಮಾತು ಕಂಪ್ಯೂಟರಿಗೆ ತಿಳಿಯುವ ಹಾಗೆ ನಂಬರಿನಲ್ಲೇ ಬರೆದಿಟ್ಟಿದ್ದಾರೆ.

ಇದರ ಉಪಯೋಗ ಏನು? ಧಾರವಾಡ ತಾಲೂಕಿನ ಒಂದು ದವಾಖಾನೆಯವರು, ಸಕ್ಕರೆ ಕಾಯಿಲೆ ಇದ್ದೂ ಒಂದು ವರ್ಷದಿಂದ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಮಾಡಿಸದವರ ಪಟ್ಟಿ ಬೇಕು ಅಂದರು ಅಂತಿಟ್ಟುಕೊಳ್ಳಿ. ಸುಮ್ನೆ ‘ಡಯಾಬಿಟಿಸ್’ ಅನ್ನುವ ಪದ ಹುಡುಕಿದರೆ ‘ಡಿಎಂ’ ಅಂತ ಬರೆದವರು ತಪ್ಪಿಹೋಗುತ್ತಾರೆ. ‘ಡಯಾಬಿಟಿಸ್ ಇಲ್ಲ’ ಅಂತ ಬರೆಸಿಕೊಂಡವರು ಒಳಗೆ ಬರುತ್ತಾರೆ. ‘ತಾಯಿಗೆ ಡಯಾಬಿಟಿಸ್ ಇತ್ತು’ ಅನ್ನುವವರೂ ಬರುತ್ತಾರೆ. ನಂಬರಿನಲ್ಲಿ ಹುಡುಕಿದರೆ ಕಥೆಯೇ ಬೇರೆ. 73211009 ಮತ್ತು ಅದರ ಮಕ್ಕಳು ಮೊಮ್ಮಕ್ಕಳು ಎಲ್ಲ ಕೊಡು ಅಂದರೆ ಸಾಕು. ಮನೆತನದಲ್ಲಿ ಡಯಾಬಿಟಿಸ್ ಇರುವುದಕ್ಕೆ ಬೇರೆಯದೇ ನಂಬರ್ ಇದೆ, 160303001. ಅದು ಈ ವಂಶದಲ್ಲೇ ಇಲ್ಲ, ಹಾಗಾಗಿ ಒಳಗೆ ಬರಲ್ಲ. ಒಂದು ಹುಷಾರು ಬೇಕು. ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆಯೂ ಈ ವಂಶದ್ದೇ. ಅದು ಬೇಡ ಅಂದರೆ ನಾವೇ ಕಡೆಗಿಡಬೇಕು. ಯಂತ್ರ ಹೇಳಿದಷ್ಟು ಮಾಡುತ್ತದೆ, ಅಷ್ಟೇ ಅಲ್ವಾ?

ಅಲರ್ಜಿ ಇನ್ನೂ ಗಂಭೀರ. ಒಬ್ಬರಿಗೆ ಪೆನ್ಸಿಲಿನ್ ಆಗಿಬರಲ್ಲ. ಅದನ್ನು ಫೈಲಿನ ಮೂಲೆಯಲ್ಲಿ ಬರೀ ಅಕ್ಷರದಲ್ಲಿ ಟೈಪ್ ಮಾಡಿದ್ದಾರೆ. ನಾಳೆ ಯಾರೋ ಅಮಾಕ್ಸಿಸಿಲಿನ್ ಬರೆಯುತ್ತಾರೆ, ಅದೂ ಕಂಪನಿಯ ಹೆಸರಿನಲ್ಲಿ. ಆ ಹೆಸರಿನಲ್ಲಿ ಪೆನ್ಸಿಲಿನ್ ಅನ್ನುವ ಶಬ್ದದ ಸುಳಿವೂ ಇಲ್ಲ. ಕಂಪ್ಯೂಟರ್ ಸುಮ್ಮನೆ ಕೂತಿರುತ್ತದೆ. ಎರಡೂ ಕಡೆ ನಂಬರ್ ಇದ್ದರೆ ಮಾತ್ರ ‘ಈ ಔಷಧಿ ಪೆನ್ಸಿಲಿನ್ ಕುಟುಂಬದ್ದು, ಇವರಿಗೆ ಆಗಲ್ಲ’ ಅಂತ ಕೆಂಪು ದೀಪ ಹೊತ್ತುತ್ತದೆ. ನಮ್ಮ ದೇಶದಲ್ಲಿ ಒಂದೇ ಔಷಧಿಗೆ ಹತ್ತಾರು ಕಂಪನಿ ಹೆಸರು. ಅದಕ್ಕೇ ಭಾರತದ ಔಷಧಿಗಳಿಗೆ ಅಂತ ಸ್ನೋಮೆಡ್‌ಗೆ ಬೇರೆ ಸೇರ್ಪಡೆಯನ್ನೇ ಮಾಡಿದ್ದಾರೆ.

ಮೂರೂವರೆ ಲಕ್ಷ ಕಾನ್ಸೆಪ್ಟ್ ಇದ್ದರೂ ಸಾಲದ ಸಂದರ್ಭ ಬರುತ್ತದೆ. ಎಡಗೈ, ಬಲಗೈ, ಹೊಸ ಪೆಟ್ಟು, ಹಳೇ ಪೆಟ್ಟು, ಜಾಸ್ತಿ, ಕಮ್ಮಿ. ಎಲ್ಲಕ್ಕೂ ಬೇರೆ ಬೇರೆ ನಂಬರ್ ಕೊಡುತ್ತ ಹೋದರೆ ಮುಗಿಯದ ಪಾಡು. ಇಲ್ಲಿ ಅವರು ಮಾಡಿದ್ದು ನಮ್ಮ ಕಾಗುಣಿತದ ಕೆಲಸ. ಕನ್ನಡದಲ್ಲಿ ಕಿ, ಕೀ, ಕು, ಕ್ಯಾ ಎಲ್ಲಕ್ಕೂ ಹೊಸ ಅಕ್ಷರ ಹುಟ್ಟಿಸಿಲ್ಲ. ‘ಕ’ ಒಂದೇ, ಅದಕ್ಕೆ ಗುಣಿತ, ಒತ್ತು ಸೇರಿಸುತ್ತೇವೆ. ಹಾಗೇ ತೊಡೆಮೂಳೆ ಮುರಿತದ ನಂಬರಿಗೆ ಎಡಗಡೆ ಅನ್ನುವ ನಂಬರನ್ನು ಜೋಡಿಸಿ ಹೊಸ ಅರ್ಥ ಕಟ್ಟಬಹುದು. ಹೇಳಲು ಚೆಂದ. ಆದರೆ ಇದನ್ನು ಪೂರ್ತಿ ಸರಿಯಾಗಿ ನಡೆಸುವ ಸಾಫ್ಟ್‌ವೇರ್ ಬರೆಯುವುದು ಬೆವರಿಳಿಸುವ ಕೆಲಸ, ಅನುಭವದಿಂದ ಹೇಳುತ್ತಿದ್ದೇನೆ.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ. ದವಾಖಾನೆಯಲ್ಲಿ ಮೊದಲಿಂದ ಕಾಯಿಲೆಗಳಿಗೆ ಐಸಿಡಿ ಅನ್ನುವ ಕೋಡ್ ಇದೆಯಲ್ಲ, ಇನ್ಶೂರೆನ್ಸಿಗೆ ಅದನ್ನೇ ಹಾಕುತ್ತೇವಲ್ಲ, ಮತ್ತೆ ಇದು ಯಾಕೆ? ನನ್ನನ್ನು ಇದನ್ನು ಕೇಳದ ಅಕೌಂಟ್ಸ್ ಸೆಕ್ಷನ್ ಇಲ್ಲ. ಎರಡರ ಹುಟ್ಟೇ ಬೇರೆ. ಐಸಿಡಿ ಬಂದಿದ್ದು ಸತ್ತವರನ್ನು ಎಣಿಸುವುದಕ್ಕೆ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋನ್ ಸಾವಿನ ಕಾರಣಗಳ ಒಂದು ಪಟ್ಟಿ ಮಾಡಿದ. ಅದು ಬೆಳೆಯುತ್ತ ಬೆಳೆಯುತ್ತ ಈಗಿನ ಐಸಿಡಿ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ, ನಮ್ಮಲ್ಲಿ ಹತ್ತನೆಯದೇ ಇನ್ನೂ ಕೈಗೆ ರೂಢಿ.

ಎಣಿಸುವುದಕ್ಕೆ ಬೇಕಾಗಿರುವುದು ಚೀಲಗಳು. ಬ್ಯಾಡಗಿ ಮಾರ್ಕೆಟ್ಟಿಗೆ ಹೋದರೆ ಮೆಣಸಿನಕಾಯಿ ಚೀಲ ಚೀಲವಾಗಿ ಲಾಟ್ ಹಾಕಿರುತ್ತಾರೆ. ಒಂದು ಕಾಯಿ ಒಂದೇ ಚೀಲದಲ್ಲಿರಬೇಕು, ಎರಡರಲ್ಲಿ ಇದ್ದರೆ ತೂಕ ತಪ್ಪುತ್ತದೆ. ಯಾವುದಕ್ಕೂ ಸೇರದ್ದಕ್ಕೆ ಒಂದು ಬೇರೆ ಚೀಲ. ಐಸಿಡಿ ಹೀಗೇ. ಟೈಪ್ 2 ಸಕ್ಕರೆ ಕಾಯಿಲೆ ಇ11ರ ಚೀಲ. ಕಿಡ್ನಿಗೆ ತಾಗಿದ್ದರೆ ಇ11.2, ಕಣ್ಣಿಗಾದರೆ ಇ11.3, ಏನೂ ತೊಡಕಿಲ್ಲದಿದ್ದರೆ ಇ11.9. ಟಿಬಿ ಮೆನಿಂಜೈಟಿಸ್ ಟಿಬಿಯ ಸಾಲಿನ ಎ17.0ರಲ್ಲಿ ಎಣಿಕೆಯಾಗುತ್ತದೆ. ‘ಇತರೆ’, ‘ಗೊತ್ತುಪಡಿಸಿಲ್ಲ’ ಅನ್ನುವ ಚೀಲಗಳೂ ಬೇಕಾದಷ್ಟಿವೆ. ಲೆಕ್ಕಕ್ಕೆ, ಬಿಲ್ಲಿಗೆ ಇದು ಸರಿ. ಆದರೆ ‘ಇತರೆ’ ಅಂತ ಬರೆದ ಫೈಲನ್ನು ನೋಡಿ ಮುಂದಿನ ಡಾಕ್ಟರು ಏನು ಔಷಧಿ ಕೊಡಬೇಕು? ರೋಗಿಯ ಮುಂದೆ ಕೂತು ಬರೆಯುವಾಗ ಬೇಕಾಗಿರುವುದು ಸ್ನೋಮೆಡ್‌ನಷ್ಟು ಸೂಕ್ಷ್ಮ. ಸೂಕ್ಷ್ಮವಾಗಿ ಬರೆದಿಟ್ಟರೆ ಆಮೇಲೆ ಅದರಿಂದ ಐಸಿಡಿ ಚೀಲಕ್ಕೆ ಹಾಕಲು ದಾರಿ ಇದೆ. ಚೀಲಕ್ಕೆ ಹಾಕಿದ್ದನ್ನು ವಾಪಸ್ ಸೂಕ್ಷ್ಮ ಮಾಡಲು ಬರಲ್ಲ. ಪುಡಿ ಮಾಡಿದ ಮೆಣಸಿನಕಾಯಿಯಿಂದ ಕಾಯಿ ಆರಿಸಿದ ಹಾಗಾಗುತ್ತದೆ.

ಲ್ಯಾಬಿನದು ಬೇರೆಯೇ ಲೋಕ. ಅಲ್ಲಿ ಲೊಯಿಂಕ್ ಅನ್ನುವ ಕೋಡ್. ಅಮೆರಿಕದ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ ಶುರು ಮಾಡಿದ್ದು. ಶುಗರ್ 126 ಅಂದರೆ ಏನರ್ಥ? ಖಾಲಿ ಹೊಟ್ಟೆಯದೋ, ಊಟ ಆದಮೇಲಿನದೋ? ಖಾಲಿ ಹೊಟ್ಟೆಯದಾದರೆ ಅದು ಸಕ್ಕರೆ ಕಾಯಿಲೆಯ ಗಡಿ, ಊಟದ ನಂತರದ್ದಾದರೆ ಚಿಂತೆ ಇಲ್ಲ. ಇಂಗ್ಲೆಂಡಿನ ರಿಪೋರ್ಟಿನಲ್ಲಿ ಅದೇ 126 ಅನ್ನುವುದು 7 ಅಂತ ಬರುತ್ತದೆ, ಅಳತೆಯ ಮಾನ ಬೇರೆ. ಹಾಗಾಗಿ ಏನನ್ನು ಅಳೆದದ್ದು, ಯಾವುದರಲ್ಲಿ, ಯಾವ ಸಮಯದ್ದು, ಹೇಗೆ ಅನ್ನುವುದನ್ನೆಲ್ಲ ಸೇರಿಸಿ ಒಂದು ಕೋಡ್. ರಕ್ತದ ಹಿಮೋಗ್ಲೋಬಿನ್ 718-7, ಎಚ್‌ಬಿಎ1ಸಿ 4548-4. ಗೆರೆಯ ಆಚೆ ಇರುವ ಅಂಕಿ ಇಲ್ಲಿಯೂ ಕಾವಲುಗಾರನೇ.

ಸ್ನೋಮೆಡ್ ಎಲ್ಲಿಂದ ಬಂತು ಅಂತ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಪೆಥಾಲಜಿಸ್ಟ್‌ಗಳ ಸಂಘ 1965ರಲ್ಲಿ ಮಾಡಿದ ಪದಪಟ್ಟಿ ಅದರ ಅಜ್ಜ. ಇಂಗ್ಲೆಂಡಿನಲ್ಲಿ ಜೇಮ್ಸ್ ರೀಡ್ ಅನ್ನುವ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕಂಪ್ಯೂಟರಿಗೆ ಅಂತ ಮಾಡಿಕೊಂಡ ಕೋಡುಗಳು ಇನ್ನೊಂದು ಕಡೆಯ ಅಜ್ಜ. ಎರಡೂ ವಂಶ ಕೂಡಿ 2002ರಲ್ಲಿ ಸ್ನೋಮೆಡ್ ಸಿಟಿ ಬಂತು. 2007ರಲ್ಲಿ ಒಂಬತ್ತು ದೇಶ ಸೇರಿ ಅದನ್ನು ನೋಡಿಕೊಳ್ಳುವ ಸಂಸ್ಥೆ ಮಾಡಿದವು. ಭಾರತ 2014ರಲ್ಲಿ ಸದಸ್ಯ ಆಯಿತು. ಹಾಗಾಗಿ ನಮ್ಮ ದೇಶದೊಳಗೆ ಬಳಸಲು ದುಡ್ಡು ಕೊಡಬೇಕಿಲ್ಲ. ಪುಣೆಯಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನಲ್ಲಿರುವ ಕೇಂದ್ರದವರು ಹಂಚುತ್ತಾರೆ, ಕಲಿಸುತ್ತಾರೆ. ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವುದಕ್ಕೆ ಮಾಡಿದ 2016ರ ಸರ್ಕಾರಿ ಇಎಚ್‌ಆರ್ ಮಾನದಂಡದಲ್ಲಿ ಸ್ನೋಮೆಡ್, ಲೊಯಿಂಕ್, ಐಸಿಡಿ ಮೂರೂ ಇವೆ. 2021ರಲ್ಲಿ ದೇಶದ ತುಂಬ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಹದಿನಾಲ್ಕು ಅಂಕಿಯ ಆಭಾ ನಂಬರ್ ನಿಮ್ಮಲ್ಲೂ ಇರಬಹುದು. ಅದು ‘ಈ ಫೈಲು ಯಾರದು’ ಅನ್ನುವುದನ್ನು ಹೇಳುತ್ತದೆ. ಫೈಲಿನಲ್ಲಿ ಏನಿದೆ ಅನ್ನುವುದು ಗದಗಿನಲ್ಲೂ ಹುಬ್ಬಳ್ಳಿಯಲ್ಲೂ ಒಂದೇ ಅರ್ಥ ಕೊಡಬೇಕಾದರೆ ಈ ಕೋಡುಗಳೇ ಬೇಕು.

ನಂಬರ್ ಇದೆ, ವಂಶಾವಳಿ ಇದೆ, ಪುಕ್ಕಟೆ ಸಿಗುತ್ತದೆ. ಮತ್ತೆ ಎಲ್ಲಿ ಎಡವುತ್ತೇವೆ? ಮೌಸ್ ಒತ್ತುವ ಆ ಒಂದು ಕ್ಷಣದಲ್ಲಿ.

ನಾವು ಒಂದು ದವಾಖಾನೆಗೆ ಸಾಫ್ಟ್‌ವೇರ್ ಹಾಕಿ ಆರು ತಿಂಗಳಾಗಿತ್ತು. ಡಾಕ್ಟರೊಬ್ಬರು ನನ್ನನ್ನು ಕರೆದು, ‘ಇಲ್ಲಿ ನೋಡ್ರಿ, ನನ್ನ ಸಕ್ಕರೆ ಪೇಷಂಟ್ ಅರ್ಧ ಕಾಣವಲ್ಲರು’ ಅಂದರು. ಪಟ್ಟಿ ತೆಗೆದು ನೋಡಿದೆ. ಹುಡುಕುವ ವಿಧಾನ ಸರಿಯಾಗೇ ಇತ್ತು. ಆಮೇಲೆ ಒಪಿಡಿಯಲ್ಲಿ ಹೋಗಿ ಡಾಟಾ ಎಂಟ್ರಿ ಮಾಡುವ ಹುಡುಗನ ಹಿಂದೆ ನಿಂತೆ. ಬೆಳಿಗ್ಗೆ ಹನ್ನೊಂದು ಗಂಟೆ, ಬಾಗಿಲ ತನಕ ಪಾಳಿ. ಅವನು ಡಿ, ಐ, ಎ ಅಂತ ಮೂರು ಅಕ್ಷರ ಹೊಡೆಯುತ್ತಿದ್ದ, ‘ಡಯಾಬಿಟಿಸ್’ ಅಂತ ಶುರುವಾಗುವ ಮೊದಲ ಸಾಲು ಒತ್ತುತ್ತಿದ್ದ, ಮುಂದಿನವರನ್ನು ಕರೆಯುತ್ತಿದ್ದ. ನಮ್ಮ ಪಟ್ಟಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿತ್ತು. ಅದರಲ್ಲಿ ‘ಮೆಲಿಟಸ್’ಗಿಂತ ಮೊದಲು ‘ಇನ್ಸಿಪಿಡಸ್’ ಬರುತ್ತದೆ. ಡಯಾಬಿಟಿಸ್ ಇನ್ಸಿಪಿಡಸ್.

ಅದಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲ. ಮೈಯ ನೀರೆಲ್ಲ ಮೂತ್ರವಾಗಿ ಹೋಗದಂತೆ ಹಿಡಿದಿಡುವ ಒಂದು ಹಾರ್ಮೋನಿನ ಕಾಯಿಲೆ ಅದು, ಅಪರೂಪದ್ದು. ಈ ಹೆಸರಿನ ಗೊಂದಲದಿಂದ ಜೀವಕ್ಕೇ ಅಪಾಯ ಅಂತ 2022ರಲ್ಲಿ ಹಾರ್ಮೋನ್ ತಜ್ಞರೇ ಅದರ ಹೆಸರು ಬದಲಿಸೋಣ ಅಂತ ಮುಂದಿಟ್ಟರು. ಅದು 73211009ರ ವಂಶದಲ್ಲಿ ಇಲ್ಲ. ಅದಕ್ಕೇ ಡಾಕ್ಟರ ಪೇಷಂಟ್‌ಗಳು ಪಟ್ಟಿಯಿಂದ ಮಾಯವಾಗಿದ್ದರು. ಹುಡುಗನದು ತಪ್ಪು ಅಂತ ನಾನು ಅನ್ನಲ್ಲ. ಅಷ್ಟು ಜನ ಕಾಯುತ್ತಿರುವಾಗ ಯಾರಾದರೂ ಮೊದಲ ಸಾಲನ್ನೇ ಒತ್ತುತ್ತಾರೆ. ಮೊದಲ ಸಾಲಿನಲ್ಲಿ ಏನಿರಬೇಕು ಅಂತ ಯೋಚನೆ ಮಾಡದೆ ಕೂತವರು ನಾವು.

ಪಟ್ಟಿಯ ಕ್ರಮವನ್ನು ಅವತ್ತೇ ಬದಲಿಸಿದೆವು. ಆ ದವಾಖಾನೆಯಲ್ಲಿ ಜಾಸ್ತಿ ಬರುವ ಕಾಯಿಲೆ ಮೇಲೆ. ಪಿಐಡಿ ಹೊಡೆದರೆ ಎರಡೂ ಪೂರ್ಣ ಹೆಸರು ಕಾಣಬೇಕು, ಒಂದನ್ನು ಒತ್ತದೆ ಮುಂದೆ ಹೋಗಕೂಡದು. ಇದು ನಮ್ಮ ದೊಡ್ಡವ್ವನ ಲೆಕ್ಕದಲ್ಲಿ. ಹಳೇ ತಪ್ಪುಗಳು ಉಳಿದವು. ಇನ್ಸಿಪಿಡಸ್ ಇರುವುದನ್ನೆಲ್ಲ ಒಂದೇ ಸಲ ಟೈಪ್ 2 ಮಾಡಿಬಿಡೋಣ ಅಂತ ನಮ್ಮ ಹುಡುಗರು ಅಂದರು, ಒಂದು ಕಮಾಂಡಿನ ಕೆಲಸ. ಡಾಕ್ಟರು ಬೇಡ ಅಂದರು. ನಾಲ್ಕು ಸಂಜೆ ಕೂತು ಒಂದೊಂದೇ ಫೈಲು ತೆಗೆದು, ಲ್ಯಾಬಿನ ರಿಪೋರ್ಟು ನೋಡಿ, ಅವರೇ ಸರಿ ಮಾಡಿದರು. ಮೂರನೇ ಸಂಜೆ ಒಂದು ಫೈಲಿಗೆ ಬಂದು ನಿಂತರು. ಇಪ್ಪತ್ತರ ಹುಡುಗ, ಶುಗರ್ ಸರಿಯಾಗೇ ಇದೆ, ದಿನಕ್ಕೆ ಎಂಟು ಹತ್ತು ಲೀಟರ್ ನೀರು ಕುಡಿಯುತ್ತಾನೆ. ಅವನಿಗೆ ಇದ್ದದ್ದು ಇನ್ಸಿಪಿಡಸ್ಸೇ. ಅದೊಂದನ್ನು ಹಾಗೇ ಬಿಟ್ಟು ಮುಂದಿನ ಫೈಲು ತೆಗೆದರು.